ಸಾವಿನ ಮರುದಿನದ ಹಿಡಿ ಜೋಳ

ಅಪ್ಪನನ್ನು ಆ ದಿನ ಕಳಿಸಿದ್ದು ಅವ್ವನೇ ಎಂಬುದನ್ನು ಈ ಬ್ಲಾಗಿನಲ್ಲಿ ಬರೆಯದೆ ಬಿಡಬೇಕೆಂದಿದ್ದೆ. ಇವತ್ತು ಗಿರಣಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಬಂದಾಗ ಮನಸ್ಸು ಬದಲಾಯಿತು.

ಅಪ್ಪ ಜೇವರ್ಗಿಯಲ್ಲಿ ಮಾಸ್ತರಿಕೆ ಬಿಟ್ಟು, ದೇವರು ಕರೆದನೆಂದು ಅಫಜಲಪುರದ ಕಡೆಯ ಸಣ್ಣ ಚರ್ಚೊಂದಕ್ಕೆ ಪಾಸ್ಟರ್ ಆಗಿ ಬಂದಿದ್ದರು. ಅಲ್ಲಿನ ಹೆಂಗಸರು ಜೋಳ ಬೀಸಲು ಕೊಡುವ ಮೊದಲು ಒಂದು ಹಿಡಿ ದೇವರಿಗೆಂದು ತೆಗೆದಿಟ್ಟು ಭಾನುವಾರ ತರುತ್ತಿದ್ದರು. ಅದೇ ನಮ್ಮ ಊಟ. ಅದರಿಂದಲೂ ಅವ್ವ ದೇವರ ಹೆಸರಲ್ಲಿ ಒಂದು ಹಿಡಿ ತೆಗೆದಿಡುತ್ತಿದ್ದಳು, ನಮಗಿಂತ ಬಡವರಿಗಾಗಿ.

ನನ್ನ ಪುಟ್ಟ ತಮ್ಮ ಜ್ವರದಲ್ಲಿ ಸುಡುತ್ತಿದ್ದ ಮಧ್ಯಾಹ್ನ, ಭೀಮಾ ನದಿಯಾಚೆ ಸಾಯುತ್ತಿರುವ ಮುದುಕಿಯೊಬ್ಬಳು ಪ್ರಾರ್ಥನೆಗೆ ಕರೆಯುತ್ತಿದ್ದಾಳೆಂದು ಸುದ್ದಿ ಬಂತು. ಅಪ್ಪ ಹೊಸ್ತಿಲಲ್ಲೇ ನಿಂತರು.

"ಹೋಗ್ರಿ," ಅಂದಳು ಅವ್ವ. "ನಿಮ್ಮನ್ನ ಕರದಾಂವ ಕೂಸಿನ್ನ ನೋಡ್ಕೋತಾನ್ರಿ."

ಅವರು ಮರಳುವಷ್ಟರಲ್ಲಿ ತಮ್ಮ ತೀರಿಕೊಂಡಿದ್ದ.

ಮಣ್ಣು ಮಾಡಿದ ಮರುದಿನ ಅವ್ವ ಜೋಳ ಕೇರಿ, ಎಂದಿನಂತೆ ಒಂದು ಹಿಡಿ ತೆಗೆದಳು. ಸೋದರತ್ತೆ ಸಿಡಿದಳು: "ಕೂಸಿನ್ನ ಒಯ್ದ ದೇವ್ರಿಗೆ ಜ್ವಾಳಾನೂ ಬೇಕೇನ ಬೇ?"

"ನಂಬಿಕಿ ಗಟ್ಟಿ ಐತಂತ ಕೊಡಾಕತ್ತಿಲ್ರಿ ಅಕ್ಕಾ. ಇದನ್ನೂ ಬಿಟ್ರ ನನ್ನ ಹತ್ರ ಏನೂ ಉಳಿಯಾಂಗಿಲ್ಲ."

ಬಂಧುಗಳು ಅಪ್ಪನನ್ನೇ ಕೊನೆತನಕ ದೂರಿದರು. ಅಪ್ಪ ಒಮ್ಮೆಯೂ ಅವ್ವನ ಮಾತನ್ನು ಹೊರಗೆ ಹೇಳಲಿಲ್ಲ.

ಅವ್ವ ಈಗ ನನ್ನ ಜೊತೆಗಿದ್ದಾಳೆ. ಇದನ್ನು ಓದಿ ಹೇಳಿದಾಗ, "ಎಲ್ಲಾರಿಗೂ ತಿಳೀಲಿ, ಹಾಕು," ಅಂದಳು. ಅಪ್ಪನನ್ನು ಅಂದು ಕರೆದದ್ದು ನಿಜಕ್ಕೂ ದೇವರೇನಾ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಫೆಬ್ರವರಿ ಹನ್ನೊಂದು ಅಪ್ಪ ತೀರಿಕೊಂಡ ದಿನ. ಅಂದೇ ಹಾಕುತ್ತೇನೆ.