ಕೊರವಂಜಿಯ ಕೆನ್ನೆ

ನಮ್ಮ ಹುಣಸೂರಿನಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಿಗೆಲ್ಲ ಗೊಂಬೆ ಬರುತ್ತಿದ್ದದ್ದು ಫಕ್ರುದ್ದೀನ್ ಸಾಬರ ಜಗುಲಿಯಿಂದ. ಹೆಬ್ಬೆರಳುದ್ದದ ಮಣ್ಣಿನ ರಾಜ, ರಾಣಿ, ಶೆಟ್ಟಿ, ಶೆಟ್ಟಿತಿ, ಬುಟ್ಟಿ ಹೊತ್ತ ಕೊರವಂಜಿ. ಅಳಿಲ ಬಾಲದ ಕೂದಲಿನ ಕುಂಚದಲ್ಲಿ ಅವರು ರಾಣಿಯ ಮೂಗಿನ ಪಕ್ಕಕ್ಕೆ ಎಳೆಯುತ್ತಿದ್ದ ನೆರಳು ನೋಡಿದರೆ, ಇನ್ನೇನು ಸೀನಿಯೇಬಿಡುತ್ತಾಳೆ ಅನಿಸುತ್ತಿತ್ತು.

ಮನೆಮಾತು ಉರ್ದುವಾದರೂ ಬಣ್ಣದ ಮಾತು ಮಾತ್ರ ಕನ್ನಡದಲ್ಲೇ. ಕೆಲಸ ಕಲಿಸಿದ ಗುರು ಚಿಕ್ಕಬಸಪ್ಪನವರ ಬಾಯಿಂದ ಬಂದದ್ದನ್ನು ಮಗಳು ಶರೀಫುನ್ನೀಸಾಗೆ ಹಾಗೇ ದಾಟಿಸಿದ್ದರು. "ನೆರಳು ಅಂದ್ರೆ ಕಪ್ಪಲ್ಲ ಕಣವ್ವ, ಅದೇ ಬಣ್ಣದ ಅಕ್ಕ. ಬೆಳಕು ಅಂದ್ರೆ ಬಿಳಿಯಲ್ಲ, ಅದೇ ಬಣ್ಣದ ತಂಗಿ. ಹಳದಿ ಸೀರೆ ಮಡಿಕೆಗೆ ಕಾವಿ ಇಕ್ಕು, ಉಬ್ಬಿಗೆ ನಿಂಬೆಹಣ್ಣಿನ ಬಣ್ಣ ಇಕ್ಕು. ಗಾಢ ಬಣ್ಣದ ಮ್ಯಾಲೆ ಬಿಳಿ ಇಕ್ಕಿದ್ಯೋ, ಬೂದಿ ಆಯ್ತದೆ."

ಕೊರವಂಜಿಗೆ ಮಾತ್ರ ಈ ಶಾಸ್ತ್ರ ಇರಲಿಲ್ಲ. "ಕಪ್ಪು ಮೊಕಕ್ಕೆ ಎಂಥ ನೆರಳು, ಎಂಥ ಬೆಳಕು? ಕಾಡಿಗೆ ಒಂದು ಕೈ ಬಳಿದು ಇಡು" ಎನ್ನುತ್ತಿದ್ದರು. ಮಗಳು ಹಾಗೇ ಬಳಿದಿಡುತ್ತಿದ್ದಳು. ಅವಳ ಮೈಬಣ್ಣವೂ ಕಪ್ಪೇ. ಅದು ಆ ಮನುಷ್ಯನಿಗೆ ಆಗ ನೆನಪಾಗುತ್ತಿರಲಿಲ್ಲವಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ನೆನಪಾದದ್ದು ಅರವತ್ತೆಂಟನೇ ಇಸವಿಯಲ್ಲಿ, ಗಂಡಿನ ಮಾತು ಬಂದಾಗ. ಪಿರಿಯಾಪಟ್ಟಣದ ಬಟ್ಟೆ ವ್ಯಾಪಾರದ ಮನೆ. ಸಂಬಂಧ ತಂದವರು ಮದುವೆ ಕುದುರಿಸುವ ಅಹಮದ್ ಪಾಷಾ. ಹುಡುಗನನ್ನು ಶರೀಫುನ್ನೀಸಾ ಅಂಗಡಿಯಲ್ಲಿ ಒಮ್ಮೆ ನೋಡಿದ್ದಳು. ಮನಸ್ಸಿಗೂ ಬಂದಿದ್ದ. ಅವನ ತಾಯಿ ಹೆಣ್ಣು ನೋಡಲು ಬರುವ ದಿನ ಸಾಬರು ಬೆಳಿಗ್ಗೆಯೇ ಪೇಟೆಗೆ ಹೋಗಿ ಪೌಡರ್ ಡಬ್ಬಿ ತಂದರು. ಹೆಂಡತಿ ಗುಲ್ಜಾರ್ ಬೀ ಮಗಳ ಮುಖಕ್ಕೆ ತೆಳುವಾಗಿ ಹಚ್ಚಿದರು. ಸಾಬರು ಕಣ್ಣು ಕಿರಿದು ಮಾಡಿ ನೋಡಿ, "ಇನ್ನೊಂದು ಕೈ" ಎಂದರು.

"ಅಬ್ಬಾ, ಬೂದಿ ಆಯ್ತದೆ" ಎಂದಳು ಶರೀಫುನ್ನೀಸಾ ಅಪ್ಪನಿಗೆ.

"ನೀನು ಸುಮ್ಕಿರು. ಇನ್ನೊಂದು ಕೈ."

ಊರಿಗೆಲ್ಲ ಬಣ್ಣ ಕಲಿಸಬಲ್ಲ ಮನುಷ್ಯನ ಬುದ್ಧಿ ಅಂದು ಎಲ್ಲಿ ಮೇಯಲು ಹೋಗಿತ್ತೋ!

ಗಂಡಿನ ತಾಯಿ ಬಂದರು. ಹುಡುಗಿಯ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು. "ಯಾಕಮ್ಮ, ಜ್ವರ ಗಿರ ಬಂದಿತ್ತಾ? ಮೊಕ ಬೂದಿ ಬಡಿದಂಗದಲ್ಲ" ಎಂದು ನಿಜವಾದ ಕಕ್ಕುಲಾತಿಯಿಂದಲೇ ಕೇಳಿದರು. ಅವರು ಹೆಬ್ಬೆರಳಿನಿಂದ ಅವಳ ಕೆನ್ನೆ ಸವರಿ, ಬೆರಳು ನೋಡಿಕೊಂಡು, ಸೆರಗಿಗೆ ಒರೆಸಿಕೊಂಡರು. ಪರದೆಯಾಚೆ ನಿಂತಿದ್ದ ಸಾಬರು ಇಂಗು ತಿಂದ ಮಂಗನಂತಾದರು.

ವಾರ ಕಳೆದು ಅಹಮದ್ ಪಾಷಾ ಬಂದು ಜಗುಲಿಯ ಮೇಲೆ ಕೂತರು. "ಬ್ಯಾಡ ಅಂದ್ರು ಕಣ್ರೀ. ಹುಡುಗಿ ಕಪ್ಪು ಅಂತಲ್ಲ. ಅದನ್ನ ನಾನು ಮೊದ್ಲೇ ಹೇಳಿದ್ದೆ, ಒಪ್ಕೊಂಡೇ ಬಂದಿದ್ರು. 'ಹೆತ್ತೋರೇ ಮುಚ್ಚಿಡ್ತಾರೆ ಅಂದ್ಮೇಲೆ ಇನ್ನೇನೇನದೋ' ಅಂದ್ರು."

ಭೂಮಿ ಬಾಯಿಬಿಡಬಾರದೇ ಅನಿಸಿತು ಸಾಬರಿಗೆ. ಮಾತು ಒಳಗೆ ಮಗಳಿಗೂ ಕೇಳಿಸಿದೆ ಎಂಬುದು ಗೊತ್ತಿತ್ತು. ಅವಳಿಗೆ ಮುಖ ತೋರಿಸಲಾರದೆ, ಪಾಷಾ ಹೋದ ಮೇಲೂ ಅಲ್ಲೇ ಕೂತು, ಒಣಗಲು ಇಟ್ಟಿದ್ದ ಗೊಂಬೆಗಳನ್ನು ಒಂದೊಂದೇ ಎತ್ತಿ ಸುಮ್ಮನೆ ತಿರುಗಿಸತೊಡಗಿದರು.

ಸಾಲಿನ ಕೊನೆಯಲ್ಲಿ ಮಗಳು ಆ ವಾರ ಮುಗಿಸಿದ್ದ ಕೊರವಂಜಿ ಇತ್ತು. ಅದಕ್ಕೆ ಕಾಡಿಗೆ ಬಳಿದಿರಲಿಲ್ಲ. ಕಪ್ಪುಗಂದು ಮುಖ, ಗಲ್ಲದ ಕೆಳಗೆ ಬದನೆಕಾಯಿ ಬಣ್ಣದ ನೆರಳು, ಕೆನ್ನೆಯ ಉಬ್ಬಿನ ಮೇಲೆ ಹೊಸ ಬೆಲ್ಲದ ಬಣ್ಣದ ಬೆಳಕು. ಬಿಳಿಯ ಸೋಂಕೇ ಇಲ್ಲ. ಇಷ್ಟು ವರ್ಷಗಳಲ್ಲಿ ಸಾಬರ ಕೈಯಿಂದ ಅಂಥ ಮುಖ ಒಂದೂ ಬಂದಿರಲಿಲ್ಲ.

ಶರೀಫುನ್ನೀಸಾ ಚಹಾ ತಂದಿಟ್ಟಳು. ಸಾಬರು ತಲೆ ಎತ್ತದೆ ಕೇಳಿದರು: "ಈ ಬೆಳಕಿನ ಬಣ್ಣ ಏನು ನೋಡ್ಕೊಂಡು ಕಲಸಿದೆ, ಬೇಟಿ?"

"ಕನ್ನಡಿ ನೋಡ್ಕೊಂಡು, ಅಬ್ಬಾ."