ಇಪ್ಪತ್ತೈದು ವರ್ಷ ಬಾಳಿಕೆ

ವಾಷರಕ್ಕನನ್ನು ನಾನು ಮೊದಲು ಕಂಡಾಗ ಅವರು ಒಂದು ರಬ್ಬರ್ ಉಂಗುರವನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದರು. ಕುಕ್ಕರಿಗೆ, ಪಂಪಿಗೆ, ನಲ್ಲಿಗೆ ರಬ್ಬರ್ ವಾಷರು ಮಾಡುವ ಕಾರ್ಖಾನೆಯ ತಪಾಸಣೆ ವಿಭಾಗ ಅದು. ನನಗೆ ಕೆಲಸದ ಮೊದಲ ದಿನ. ಪದವಿ ಪತ್ರ ಮಡಚಿಹೋಗಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು ತಂದಿದ್ದೆ. ಉದ್ದನೆಯ ಮೇಜು, ಮೇಲೆ ಟ್ಯೂಬ್‌ಲೈಟು, ಗೋಡೆಯ ಆಚೆ ಪ್ರೆಸ್ ಯಂತ್ರಗಳ ಧಡ್ ಧಡ್. ಅವರು ಉಂಗುರವನ್ನು ಎರಡು ಸಲ ಮಡಚಿದರು, ಮಡಿಕೆಯ ಮೇಲೆ ಹೆಬ್ಬೆರಳ ಉಗುರು ಊರಿದರು, ಬೆಳಕಿಗೆ ಹಿಡಿದು ನೋಡಿ ಕೆಂಪು ಬುಟ್ಟಿಗೆ ಎಸೆದರು. ಆಮೇಲೆ ನನ್ನ ಕಡೆ ತಿರುಗಿದರು.

“ಓದ್ಕೊಂಡು ಬಂದಿದೀಯಾ?”

“ಹೌದು ಮೇಡಂ. ರಸಾಯನಶಾಸ್ತ್ರ.”

“ಮೇಡಂ ಆಫೀಸಲ್ಲಿ ಕೂತಿದಾರೆ. ನಾನು ಅಕ್ಕ. ಆ ರಟ್ಟು ಕೆಳಗಿಡು. ಇದನ್ನ ಮೂಸು. ಏನು ವಾಸನೆ?”

“ರಬ್ಬರ್ ವಾಸನೆ.”

“ಅಷ್ಟು ಹೇಳೋಕೆ ಮೂರು ವರ್ಷ ಓದಬೇಕಿತ್ತಾ?”

ಆ ಮೇಜಿನಲ್ಲಿ ಒಂಬತ್ತು ವರ್ಷ ನಾನು ಅವರ ಪಕ್ಕ ಕೂತೆ. ಒಳ್ಳೆಯ ರಬ್ಬರ್ ಒತ್ತಿದ ಗುರುತನ್ನು ಉಳಿಸಿಕೊಳ್ಳುವುದಿಲ್ಲ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ನನ್ನ ಪುಸ್ತಕದಲ್ಲಿ ಈ ಗುಣಕ್ಕೆ ಅರ್ಧ ಸಾಲಿನಷ್ಟು ಉದ್ದದ ಹೆಸರಿತ್ತು. ಅಕ್ಕ “ಇದು ಸಿಟ್ಟು ಇಟ್ಕೊಳ್ಳಲ್ಲ” ಎನ್ನುತ್ತಿದ್ದರು. ಪುಸ್ತಕದಲ್ಲಿದ್ದ ಆ ಹೆಸರು ನನಗೀಗ ತಡವರಿಸಿ ನೆನಪಾಗುತ್ತದೆ.

ಅಕ್ಕ ಮದುವೆಯಾಗಲಿಲ್ಲ. ತಮಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮನನ್ನು ಓದಿಸಿದರು. ಆತ ಬ್ಯಾಂಕಿನಲ್ಲಿ ಅಧಿಕಾರಿಯಾದ, ಮನೆ ಕಟ್ಟಿಸಿದ. ಅಕ್ಕ ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲೇ ಉಳಿದರು. ಐವತ್ತೆಂಟಕ್ಕೆ ಅವರು ನಿವೃತ್ತರಾಗುವ ಹೊತ್ತಿಗೆ ತಮ್ಮ ತನ್ನ ಮನೆಯ ಹಿಂದಿನ ಕೋಣೆಗೆ ಬಣ್ಣ ಹೊಡೆಸಿ ಆಗಿತ್ತು. “ಮುಂದಿನ ತಿಂಗಳಿಂದ ಅಕ್ಕ ನಮ್ಮ ಜೊತೆ ಇರ್ತಾಳೆ, ಮಕ್ಕಳಿಗೂ ಒಂದು ದಿಕ್ಕಾಯ್ತು” ಎಂದು ಬೀಳ್ಕೊಡುಗೆಯಲ್ಲಿ ಆತನೇ ಎದ್ದು ಹೇಳಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಕ್ಕ ತಟ್ಟಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ತಮ್ಮನಿಗೆ ಬೇಡ ಅಂದು ಅವರಿಗೆ ರೂಢಿಯೇ ಇರಲಿಲ್ಲ.

ಮುಂದಿನ ವಾರ ಫೋನ್ ಮಾಡಿದರು. “ಭಾನುವಾರ ಬಾ. ಸ್ಪೀಕರ್ ತಗೋಬೇಕು. ನೆಲದ ಮೇಲೆ ನಿಲ್ಲೋ ಅಂಥದ್ದು, ಜೋಡಿ.”

“ಅಷ್ಟು ದೊಡ್ಡದಾ, ಅಕ್ಕ?”

“ಮೂವತ್ತಾರು ವರ್ಷ ಪ್ರೆಸ್ ಸದ್ದು ಕೇಳಿದೀನಿ. ಅದನ್ನ ನಾನು ಆರಿಸ್ಕೊಂಡಿರಲಿಲ್ಲ. ಇನ್ನು ಮೇಲೆ ನಾನು ಆರಿಸಿದ್ದು ಕೇಳ್ತೀನಿ.”

ತಮ್ಮ ಕಾರು ತಂದಿದ್ದ. ಅಂಗಡಿಯ ಸೇಲ್ಸ್‌ಮನ್ ಅಕ್ಕನನ್ನು ನೋಡಿದವನೇ ಒಂದು ಪುಟ್ಟ ಡಬ್ಬಿ ಎತ್ತಿ ತೋರಿಸಿದ. “ಇದು ನೋಡಿ ಅಮ್ಮ, ಅಂಗೈ ಮೇಲೆ ಕೂರುತ್ತೆ.”

“ಅಂಗೈ ಮೇಲೆ ಕೂರೋದು ಬೇಡಪ್ಪ. ತನ್ನ ಕಾಲ ಮೇಲೆ ನಿಲ್ಲೋದು ತೋರಿಸು.”

ಅವನು ಎದೆಯೆತ್ತರದ, ನೀಲಿ ದೀಪ ಮಿನುಗುವ ಒಂದು ಜೋಡಿಯ ಹತ್ತಿರ ಕರೆದೊಯ್ದ.

“ಎಷ್ಟು ವರ್ಷ ಬಾಳಿಕೆ ಬರುತ್ತೆ?”

“ಐದು ವರ್ಷ ನೀವು ತಿರುಗಿ ನೋಡೋ ಹಾಗಿಲ್ಲ.”

“ಇಪ್ಪತ್ತೈದು ವರ್ಷ ಬರೋದು ಬೇಕು.”

ತಮ್ಮ ನಕ್ಕುಬಿಟ್ಟ. “ಅಕ್ಕಾ, ನಿನಗೀಗ ಐವತ್ತೆಂಟು. ಇಪ್ಪತ್ತೈದು ವರ್ಷದ್ದು ತಗೊಂಡು...” ಎಂದವನು ನಾಲಿಗೆ ಕಚ್ಚಿಕೊಂಡ.

“ಮಾತು ಮುಗಿಸು.”

“ಏನಿಲ್ಲ ಬಿಡು.”

“ನಾನು ಕೇಳಿದ್ದು ಸ್ಪೀಕರಿನ ಬಾಳಿಕೆ. ನನ್ನ ಬಾಳಿಕೆ ನೀನು ನೋಡಬೇಡ.”

ಸ್ಪೀಕರಿನ ಮುಂಭಾಗದ ಬಟ್ಟೆ ತೆಗೆಸಿ ಅಕ್ಕ ಬಗ್ಗಿದರು. ಶಬ್ದ ಹೊರಡಿಸುವ ಕಾಗದದ ಬಟ್ಟಲಿನ ಸುತ್ತ ಕಪ್ಪನೆಯ ಉಂಗುರವೊಂದಿತ್ತು. ಅವರು ಮೊದಲು ಮೂಸಿದರು. ಆಮೇಲೆ, ಕೈ ಹಿಡಿಯಬೇಕೆಂದು ನನಗೆ ಹೊಳೆಯುವುದರೊಳಗೆ, ಹೆಬ್ಬೆರಳ ಉಗುರು ಊರಿಯೇಬಿಟ್ಟರು. ಉಂಗುರ ಹಳೇ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು.

“ಅಯ್ಯೋ ಅಮ್ಮಾ! ಏನು ಮಾಡಿದ್ರಿ!”

ತಮ್ಮನ ಮುಖ ಸಣ್ಣಗಾಯಿತು. ಅಂಗಡಿಯ ಯಜಮಾನರು ಗಲ್ಲಾ ಬಿಟ್ಟು ಓಡಿಬಂದರು. ಅಕ್ಕ ಬೆರಳಿನ ಕಪ್ಪು ಪುಡಿಯನ್ನು ಅವರ ಮೂಗಿನ ಮುಂದೆಯೇ ಹಿಡಿದರು.

“ನಾನು ಕೊಂದಿಲ್ಲ ಸ್ವಾಮಿ. ಇದು ಸತ್ತು ಬಹಳ ದಿನ ಆಗಿದೆ. ನಾನು ನಾಡಿ ನೋಡಿದೆ ಅಷ್ಟೆ. ಸ್ಪಂಜು ಇದು. ಎಷ್ಟು ವರ್ಷದಿಂದ ಇಲ್ಲಿ ನಿಂತಿದೆ?”

“ಏಳಾಯ್ತು” ಎಂದರು ಯಜಮಾನರು, ಸ್ವರ ತಗ್ಗಿಸಿ.

“ಇದೇ ಅಳತೆಗೆ ರಬ್ಬರ್ ಉಂಗುರ ತಂದು ನಾನೇ ಅಂಟಿಸಿ ಕೊಡ್ತೀನಿ. ಈಗ ರಬ್ಬರ್ ಇರೋದು ತೋರಿಸಿ.”

ಆಮೇಲೆ ಸೇಲ್ಸ್‌ಮನ್ ಪಕ್ಕಕ್ಕೆ ಸರಿದ. ಯಜಮಾನರೇ ಒಂದೊಂದರ ಬಟ್ಟೆ ತೆಗೆದರು. ಅಕ್ಕ ಪೆಟ್ಟಿಗೆಯ ಪಕ್ಕೆಗೆ ಗೆಣ್ಣಿನಿಂದ ಕುಟ್ಟಿದರು. ಡಬ್ಬದಂತೆ ಮೊಳಗಿದ್ದನ್ನು ಅಲ್ಲೇ ಬಿಟ್ಟರು. ಬಟ್ಟಲನ್ನು ಅಂಟಿನಲ್ಲಿ ಕೂರಿಸಿದ್ದನ್ನೂ ಬಿಟ್ಟರು, “ಸ್ಕ್ರೂ ಇದ್ದರೆ ನಾಳೆ ಬಿಚ್ಚಬಹುದು” ಎಂದು. ಕೊನೆಗೆ ಉಳಿದದ್ದು ಕಂದು ಬಣ್ಣದ, ದೀಪ ಗೀಪ ಏನೂ ಇಲ್ಲದ ಒಂದು ಜೋಡಿ. ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ, ಇಡೀ ಒಂದು ಹಾಡು ಕೇಳಿದರು. ಹಾಡಿನ ನಡುವೆ ತಮ್ಮ ಎರಡು ಸಲ ಗಡಿಯಾರ ನೋಡಿದ.

“ಇದೇ.”

“ಅಕ್ಕಾ, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನಿನ್ನ ಕೋಣೇಲಿ ಇದು ಹಿಡಿಸಲ್ಲ.”

“ನನ್ನ ಕೋಣೇಲಿ ಹಿಡಿಸುತ್ತೆ. ನಿನ್ನ ಹಿಂದಿನ ಕೋಣೇಲಿ ಹಿಡಿಸಲ್ಲ.” ಅಕ್ಕ ಕೈಚೀಲದಿಂದ ಸ್ಟೀಲ್ ಟೇಪು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಹೋದ ವಾರ ಬಂದಾಗಲೇ ಅಳೆದೆ. ಮಂಚಕ್ಕೂ ಬೀರುವಿಗೂ ನಡುವೆ ಒಂದೂವರೆ ಗೇಣು. ಅದು ಗೊತ್ತಿದ್ದೇ ಇದನ್ನ ತಗೊಂಡಿದ್ದು.”

ಅರ್ಥವಾಗಲು ಆತನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನನಗೂ.

“ಅಂದ್ರೆ ನೀನು ಬರಲ್ಲ?”

“ಬರ್ತೀನಿ. ಊಟಕ್ಕೆ ಕರೆದಾಗ ಬರ್ತೀನಿ, ಮಕ್ಕಳಿಗೆ ಜ್ವರ ಬಂದ್ರೆ ಕರೀದೇ ಬರ್ತೀನಿ. ಇರೋಕೆ ಬರಲ್ಲ.”

“ಜನ ಏನಂತಾರೆ ಅಕ್ಕಾ?”

“ಸದ್ದು ಕಮ್ಮಿ ಮಾಡಿ ಅಂತಾರೆ.”

ಯಜಮಾನರು ನಗು ತಡೆಯಲಾರದೆ ಕೆಮ್ಮಿದರು. ತಮ್ಮ ನಗಲಿಲ್ಲ. ಆದರೆ ಅಕ್ಕನ ಮನೆಯ ಕೆಳಗೆ ಕಾರು ನಿಲ್ಲಿಸಿದವನು ಅಂಗಿ ತೋಳು ಮಡಚಿದ. ಮೊದಲ ಸ್ಪೀಕರಿನ ಒಂದು ತುದಿ ಆತ, ಇನ್ನೊಂದು ನಾನು ಹಿಡಿದೆವು. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಆತನಿಗೆ ಉಸಿರು ಸಿಕ್ಕಿಕೊಂಡಿತು.

“ಇದರೊಳಗೆ ಕಲ್ಲು ತುಂಬಿದಾರಾ?”

“ಟೊಳ್ಳಲ್ಲ ಅಂತ ತಾನೇ ತಗೊಂಡಿದ್ದು?” ಮೇಲಿನ ಮೆಟ್ಟಿಲಿನಿಂದ ಅಕ್ಕ ಕೂಗಿದರು. “ಮೂಲೆ ತಾಗಿಸ್ಬೇಡ. ನೋಡ್ಕೊಂಡು ಹತ್ತು ಕಂದಾ.”

ಆ ಹಿಂದಿನ ಕೋಣೆ ಈಗ ಮಕ್ಕಳು ಓದುವ ಕೋಣೆಯಾಗಿದೆ. ಮಾತು ಕೊಟ್ಟಂತೆ ಅಕ್ಕ ಹದಿನೈದು ದಿನದಲ್ಲಿ ಆ ಮುರಿದ ಸ್ಪೀಕರಿಗೆ ರಬ್ಬರ್ ಉಂಗುರ ಕೂರಿಸಿ ಕೊಟ್ಟರು. ಯಜಮಾನರು ಹಾಕಿ ಕೇಳಿದರು. ಮರುದಿನವೇ ಗಿರಾಕಿಗಳು ರಿಪೇರಿಗೆ ಬಿಟ್ಟುಹೋಗಿದ್ದ ಇನ್ನೆರಡು ಜೋಡಿ ಕಳಿಸಿದರು.

ವಾಷರಕ್ಕನಿಗೆ ಈಗ ಅರವತ್ತೆರಡು. ಅದೇ ಮಹಡಿ ಮನೆಯಲ್ಲಿ, ದಿನಾ ಬೆಳಗ್ಗೆ ಹತ್ತರಿಂದ ಒಂದರವರೆಗೆ, ಹಳೆಯ ಸ್ಪೀಕರುಗಳ ಸ್ಪಂಜು ಕೆರೆದು ರಬ್ಬರ್ ಅಂಟಿಸುತ್ತಾರೆ.