ರೈಟ್ ಅನ್ನದೆ ಗಾಡಿ ಬಿಡದವರು

ಅವರ ಬಲಗೈ ಹಂಚಿನ ಮೇಲೆ ಸೀದ ರೊಟ್ಟಿಯಂತೆ ಕಪ್ಪು. ಎಡಗೈ ಬೇರೆ ಯಾರದೋ ಅನ್ನುವಷ್ಟು ತಿಳಿ. ಬಸ್ಸಿನ ಕಿಟಕಿಗೆ ಮೊಳಕೈ ಊರಿ ವರ್ಷಗಟ್ಟಲೆ ಬಿಸಿಲು ತಿಂದದ್ದು ಆ ಬಲಗೈ. ಡಿಪೋದಲ್ಲಿ ಎಲ್ಲರಿಗೂ ಅವರು ಚಾಚಾ. ನಾನು ಹೊಸ ಕಂಡಕ್ಟರ್, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರು ನನ್ನ ಡ್ರೈವರ್.

ನಾನು 'ರೈಟ್' ಅನ್ನದೆ ಅವರು ಗಾಡಿ ಬಿಟ್ಟವರೇ ಅಲ್ಲ. ನಮ್ಮ ರೂಟಿನ ಕೊರ್ಲಹಳ್ಳಿಯ ಮಂದಿ ಹಿಂದಿನಿಂದ ಎಷ್ಟೇ ಕೂಗಲಿ, ಸುಮ್ಮನೆ ಕೂತಿರುತ್ತಿದ್ದರು. “ಹಿಂದ ಯಾರ ಕಾಲು ಎಲ್ಲೈತಿ ಅಂತ ನಿನಗ ಕಾಣತೈತಿ, ನನಗಲ್ಲವ್ವಾ. ನೀ ಅನ್ನು, ಬಿಡ್ತೀನಿ,” ಅನ್ನುವರು. ಎಂಥ ಮೊಂಡ ಮುದುಕನಪ್ಪಾ ಅಂತ ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಬಸ್ಸಿನವರ ಮುಷ್ಕರ ಶುರುವಾಯಿತು. ಎಲ್ಲರ ಪರವಾಗಿ ನಮ್ಮ ಸಂಘದ ಜೊತೆ ಕೂತು ಮಾತಾಡಿ ಅನ್ನುವುದೇ ಬೇಡಿಕೆ. ಡಿಪೋದ ಅಧಿಕಾರಿಗೆ ಅದೇ ಆಗದು. ಗೇಟಿಗೆ ಪೊಲೀಸ್ ಜೀಪು ತಂದು ನಿಲ್ಲಿಸಿ, “ಒಬ್ಬೊಬ್ಬರೇ ಒಳಗೆ ಬನ್ನಿ. ಸಂಘ ಬಿಟ್ಟೆ ಅಂತ ಸಹಿ ಹಾಕಿ ಡ್ಯೂಟಿಗೆ ಹೋಗಿ. ಕಾಯಂ ಆಗದವರು ಮೊದಲು,” ಅಂದರು. ಆ ಮೊದಲಿನವರಲ್ಲಿ ನಾನೂ ಒಬ್ಬಳು. ಮನೆಯಲ್ಲಿ ಅವ್ವ, ಇಬ್ಬರು ತಂಗಿಯರು. ಈ ಕೆಲಸ ಹೋದರೆ ಒಲೆ ಹೊತ್ತುವುದಿಲ್ಲ.

“ಒಬ್ಬೊಬ್ಬರು ಬರಂಗಿಲ್ರಿ ಸಾಹೇಬ್ರ. ಕರದ್ರ ಎಲ್ಲಾರನೂ ಕೂಡೇ ಕರೀರಿ,” ಅಂದರು ಚಾಚಾ.

ಅಧಿಕಾರಿ ಕೆಂಡವಾದರು. “ಹಾಗಾದರೆ ನೀನೇ ಗಾಡಿ ತೆಗಿ. ಇವಳೇ ಕಂಡಕ್ಟರ್. ಹೊರಡದಿದ್ದರೆ ಇಬ್ಬರೂ ಮನೆಗೆ!”

ಚಾಚಾ ನನ್ನ ಮುಖ ನೋಡಿದರು. ಬಸ್ಸು ಹತ್ತಿ ಇಂಜಿನ್ ಚಾಲೂ ಮಾಡಿದರು. ನಮ್ಮವರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ನಾನೂ ಹತ್ತಿದೆ. ಗಾಡಿ ಮಾತ್ರ ಕದಲಲಿಲ್ಲ. ಚಾಚಾ ಕಾಯುತ್ತಿದ್ದರು, ನನ್ನ ಮಾತಿಗೆ! ಅಯ್ಯೋ ದೇವರೇ, ಇದನ್ನು ನನ್ನ ತಲೆಗೇಕೆ ಕಟ್ಟಿದರು ಅಂತ ಅಳುವೇ ಬಂತು.

“ರೈಟ್ ಅನ್ನಮ್ಮಾ!” ಅಧಿಕಾರಿ ಬಾಗಿಲಲ್ಲೇ ಅಬ್ಬರಿಸಿದರು.

ಬೆಚ್ಚಿಬಿದ್ದೆ. ಗಾಬರಿಯಾದಾಗ ಕಂಡಕ್ಟರ್ ಬಾಯಿಗೆ ಬರುವುದು ಗಾಡಿ ನಿಲ್ಲಿಸುವ ಒಂದೇ ಮಾತು. “ಹೋಲ್ಡಾನ್!” ಅಂತ ಕಿರುಚಿಬಿಟ್ಟೆ.

ಚಾಚಾ ಇಂಜಿನ್ ಬಂದ್ ಮಾಡಿದರು. “ಕಂಡಕ್ಟರ್ ಹೋಲ್ಡಾನ್ ಅಂದಮ್ಯಾಗ ಗಾಡಿ ಬಿಡಾಕ ಬರಂಗಿಲ್ರಿ ಸಾಹೇಬ್ರ. ಹಂಗ ಅನ್ನಾಕ ಕಲಿಸಿದಾಂವ ನಾನು. ಹುಡುಗೀದೇನೂ ತಪ್ಪಿಲ್ಲ.” ಗೇಟಿನಲ್ಲಿ ನಗೆ ಸಿಡಿಯಿತು. ನನಗೆ ನಗು ಎಲ್ಲಿಂದ ಬರಬೇಕು? ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಕೊನೆಗೆ ಅಧಿಕಾರಿಗಳು ಸಂಘದವರನ್ನೇ ಕರೆದು ಮಾತಾಡಿದರು. ನಾವೆಲ್ಲ ಕೆಲಸಕ್ಕೆ ಮರಳಿದೆವು, ಮುಂದೆ ನಾನು ಕಾಯಂ ಕೂಡ ಆದೆ. ಚಾಚಾ ಅವರನ್ನು ಮಾತ್ರ ದೂರದ ಡಿಪೋಗೆ ಎತ್ತಿಹಾಕಿದರು. ಅವರು ಅಲ್ಲಿಯೇ ನಿವೃತ್ತರಾದರು.

ತೀರಿಕೊಳ್ಳುವ ಮುಂಚೆ ಹಾಸಿಗೆ ಹಿಡಿದಿದ್ದಾಗ ಬೆಟಗೇರಿಯ ಅವರ ಮನೆಗೆ ಹೋಗಿದ್ದೆ. ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿಯೇಬಿಟ್ಟೆ: “ಚಾಚಾ, ಅವತ್ತು ನಿಮಗ ಅಂಜಿಕಿ ಆಗಿರಲಿಲ್ಲೇನ್ರಿ?”

“ಆಗದೇ ಏನವ್ವಾ? ನಾ ಒಬ್ಬನೇ ಒಳಗ ಹೋಗಿದ್ರ, ಸಹಿ ಹಾಕೇ ಬರ್ತಿದ್ದೆ.”